ಎರಡು ಚೀಟಿ, ಒಂದೇ ಚೀಲ

ಚಿಂತಾಮಣಿ

ಚಿರಂಜೀವಿ ಮಂಜುನಾಥನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸರೋಜ ಫೋನ್ ಮಾಡಿದ್ದಳು. ಟಿಬಿ ಮಾತ್ರೆ ಶುರುವಾದ ಮೇಲೆ ನೀನು ಶುಗರ್ ಮಾತ್ರೆ ಬಿಟ್ಟಿದ್ದೀಯಂತೆ. "ಮೊದಲು ಇದು ಮುಗಿಯಲಿ, ಆಮೇಲೆ ಅದನ್ನ ನೋಡ್ಕೊಳ್ಳೋಣ" ಅಂದೆಯಂತೆ. ಶುಗರ್ ನೋಡುವ ಡಾಕ್ಟರಿಗೆ ಟಿಬಿ ವಿಷಯ ಹೇಳಿಯೇ ಇಲ್ಲವಂತೆ. ಫೋನಿನಲ್ಲಿ ಬೈದರೆ "ಹೂಂ ದೊಡ್ಡಮ್ಮ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ಈ ಎರಡು ಕಾಯಿಲೆಗಳನ್ನು ಸರದಿಯಲ್ಲಿ ನಿಲ್ಲಿಸಲು ಆಗುವುದಿಲ್ಲ ಕಣೋ. ಶುಗರ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಟಿಬಿ ಬಂದ ಮೇಲೆ ಶುಗರ್ ಇನ್ನೂ ಏರುತ್ತದೆ. ಏರಿದ ಶುಗರ್ ಟಿಬಿ ಮಾತ್ರೆಯ ಕೆಲಸ ಕೆಡಿಸುತ್ತದೆ. ಕಫದಲ್ಲಿ ಕ್ರಿಮಿ ಹೋಗುವುದು ತಡವಾಗುತ್ತದೆ, ವಾಸಿಯಾದ ಮೇಲೆ ಮತ್ತೆ ಬರುವ ಸಂಭವವೂ ಜಾಸ್ತಿ. ನೀನು ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ, ನೋಡಿದ್ದೂ ಕೈಗೆ ಹತ್ತುವುದಿಲ್ಲ.

ನಾನು ಡಾಕ್ಟರಲ್ಲ, ಕಫದ ಸ್ಲೈಡ್ ನೋಡುತ್ತಾ ನೌಕರಿ ಮುಗಿಸಿದವಳು. ಯಾವ ಮಾತ್ರೆ ಎಷ್ಟು ಅಂತ ಹೇಳುವುದು ನನ್ನ ಕೆಲಸವಲ್ಲ. ಆದರೆ ಮಾತ್ರೆಗೂ ಮಾತ್ರೆಗೂ ಹೇಗೆ ಜಗಳವಾಗುತ್ತದೆ ಅನ್ನುವುದನ್ನು ಲ್ಯಾಬಿನಲ್ಲಿ ಕೂತು ಸಾಕಷ್ಟು ನೋಡಿದ್ದೇನೆ. ಅದನ್ನು ನಿನಗೆ ಬಿಡಿಸಿ ಹೇಳುವವರು ಯಾರೂ ಇದ್ದಂತಿಲ್ಲ.

ನೀನು ನುಂಗುವ ಟಿಬಿ ಮಾತ್ರೆಯಲ್ಲಿ ನಾಲ್ಕು ಔಷಧಿ ಸೇರಿವೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಮೊದಲ ಎರಡು ತಿಂಗಳು ನಾಲ್ಕೂ, ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಮೂತ್ರ ಕೆಂಪಗೆ ಹೋಗುತ್ತಿದೆ ಅಂತ ಹೆದರಿದ್ದೆಯಲ್ಲ, ಅದು ರಿಫಾಂಪಿಸಿನ್ ಬಣ್ಣ. ಅದಕ್ಕೆ ಹೆದರಬೇಡ. ಆದರೆ ಅದೇ ರಿಫಾಂಪಿಸಿನ್ ಇನ್ನೊಂದು ಕೆಲಸ ಮಾಡುತ್ತದೆ. ಲಿವರ್ ಬೇರೆ ಔಷಧಿಗಳನ್ನು ಬೇಗ ಬೇಗ ಕರಗಿಸಿ ಹೊರಗೆ ಹಾಕುವ ಹಾಗೆ ಮಾಡುತ್ತದೆ. ನಿನ್ನ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಅಂತ ಸರೋಜ ಓದಿ ಹೇಳಿದಳು. ಅದಕ್ಕೂ ಈ ಪಾಡೇ. ಮಾತ್ರೆ ಹೊಟ್ಟೆಗೆ ಹೋಗಿರುತ್ತದೆ, ಕೆಲಸ ಮಾತ್ರ ಕಡಿಮೆ. ಮೆಟ್ಫಾರ್ಮಿನ್ ಅನ್ನುವ ಇನ್ನೊಂದು ಶುಗರ್ ಮಾತ್ರೆಗೆ ಇದರಿಂದ ಅಷ್ಟು ತೊಂದರೆ ಇಲ್ಲ. ಬಿಪಿಗೆ ಕೊಡುವ ಆಮ್ಲೋಡಿಪಿನ್, ಥೈರಾಯ್ಡ್ ಮಾತ್ರೆ, ಹೆಂಗಸರು ನುಂಗುವ ಗರ್ಭನಿರೋಧಕ ಮಾತ್ರೆ, ಇವುಗಳ ಬಲವೂ ಕುಗ್ಗುತ್ತದೆ.

ಈಗ ಹೇಳು, ಟಿಬಿ ಇದೆ ಅಂತ ಗೊತ್ತಿಲ್ಲದ ಡಾಕ್ಟರು ನಿನ್ನ ರಿಪೋರ್ಟ್ ನೋಡಿ ಏನೆಂದುಕೊಳ್ಳುತ್ತಾರೆ? ಬಾಯಿ ಕಟ್ಟಿಲ್ಲ, ಸಿಕ್ಕಿದ್ದೆಲ್ಲ ತಿನ್ನುತ್ತಿದ್ದಾನೆ ಅಂತ ತಾನೇ? ವಿಷಯ ಗೊತ್ತಿದ್ದರೆ ಡೋಸ್ ಬದಲಿಸುತ್ತಾರೆ, ಇಲ್ಲವೇ ಕೆಲವು ತಿಂಗಳಿಗೆ ಇನ್ಸುಲಿನ್ ಹಾಕುತ್ತಾರೆ. ಇನ್ಸುಲಿನ್ ಅಂದ ಕೂಡಲೇ ಕಥೆ ಮುಗಿಯಿತು ಅಂತ ಕೂರಬೇಡ. ಟಿಬಿ ಕಡಿಮೆಯಾದ ಮೇಲೆ ಎಷ್ಟೋ ಜನ ಮತ್ತೆ ಮಾತ್ರೆಗೇ ಬರುತ್ತಾರೆ.

ಇದಕ್ಕಿಂತ ಮುಖ್ಯವಾದ್ದು ಒಂದಿದೆ, ಇದನ್ನು ಹೇಳುವವರು ಕಡಿಮೆ. ಟಿಬಿ ಕೋರ್ಸ್ ಮುಗಿದು ರಿಫಾಂಪಿಸಿನ್ ನಿಂತಾಗ ಲಿವರ್ ಸುಮಾರು ಎರಡು ವಾರದಲ್ಲಿ ಹಳೇ ನಡೆಗೆ ಬರುತ್ತದೆ. ಆಗಲೂ ನೀನು ಜಾಸ್ತಿ ಮಾಡಿದ ಡೋಸನ್ನೇ ನುಂಗುತ್ತಿದ್ದರೆ ಶುಗರ್ ಧಡಕ್ಕನೆ ಇಳಿಯುತ್ತದೆ. ಬೆವರು, ನಡುಕ, ಕಣ್ಣು ಕತ್ತಲೆ. ಅದಕ್ಕೇ ಕೊನೆಯ ಟಿಬಿ ಮಾತ್ರೆ ನುಂಗಿದ ವಾರವೇ ಶುಗರ್ ಡಾಕ್ಟರ ಹತ್ತಿರ ಹೋಗಬೇಕು. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಸು.

ಬೆಳಗಿನ ವಿಷಯವೂ ಇದೆ. ಟಿಬಿ ಮಾತ್ರೆ ನುಂಗಿದ ಮೇಲೆ ವಾಕರಿಕೆ ಬಂದು ನೀನು ತಿಂಡಿ ಬಿಡುತ್ತೀಯಂತೆ. ಶುಗರ್ ಮಾತ್ರೆ ಮತ್ತೆ ಶುರು ಮಾಡಿದಾಗ ಅದನ್ನು ನುಂಗಿ ತಿಂಡಿ ಬಿಟ್ಟರೆ ಮೇಲೆ ಹೇಳಿದ ಬೆವರು, ನಡುಕ ಆಗಲೇ ಶುರುವಾಗುತ್ತದೆ. ಯಾವುದು ಎಷ್ಟು ಹೊತ್ತಿಗೆ ಅಂತ ಕೇಳಿ ಬರೆಸಿಕೊಂಡು ಬಾ. ಸುಮ್ನೆ ನೀನೇ ಹೊತ್ತು ಬದಲಿಸಬೇಡ.

ರಾತ್ರಿ ಅಂಗಾಲು ಉರಿಯುತ್ತದೆ ಅಂದೆಯಂತೆ. ಶುಗರ್‌ನಿಂದಲೂ ನರ ಸೋಲುತ್ತದೆ, ಐಸೋನಿಯಾಜಿಡ್‌ನಿಂದಲೂ ಸೋಲುತ್ತದೆ. ನಿನಗೆ ಎರಡೂ ಸೇರಿವೆ. ಇದಕ್ಕೆಂದೇ ಪಿರಿಡಾಕ್ಸಿನ್, ಅಂದರೆ ಬಿ6 ವಿಟಮಿನ್ ಮಾತ್ರೆ ಕೊಡುತ್ತಾರೆ. ಪೊಟ್ಟಣದಲ್ಲಿ ಇದೆಯಾ ನೋಡು, ಇಲ್ಲದಿದ್ದರೆ ಕೇಳಿ ತೆಗೆದುಕೋ. ಬರಿಗಾಲಲ್ಲಿ ಬಿಸಿನೀರು ಚೆಲ್ಲಿದ ನೆಲದ ಮೇಲೆ ಓಡಾಡಬೇಡ. ಸುಟ್ಟದ್ದೂ ತಿಳಿಯುವುದಿಲ್ಲ.

ಕಣ್ಣಿನ ವಿಷಯದಲ್ಲಿ ನನಗೆ ಭಯ ಜಾಸ್ತಿ. ಎಥಾಂಬುಟಾಲ್ ಅಪರೂಪಕ್ಕೆ ಕಣ್ಣಿನ ನರಕ್ಕೆ ತಾಗುತ್ತದೆ. ಕೆಂಪು ಹಸಿರು ಬಣ್ಣ ಮಬ್ಬಾಗುವುದು, ದೃಷ್ಟಿ ಮಂಜಾಗುವುದು ಅದರ ಸುಳಿವು. ಶುಗರ್ ಕೂಡ ಕಣ್ಣನ್ನು ಬೇರೆ ದಾರಿಯಲ್ಲಿ ಕೆಡಿಸುತ್ತದೆ. ಹೀಗಿರುವಾಗ ಈಗಿನ ದೃಷ್ಟಿ ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿಟ್ಟರೆ ಮುಂದೆ ತೊಂದರೆ ಯಾವುದರಿಂದ ಅಂತ ಹೇಳಬಹುದು. ನೀನು ರೇಷ್ಮೆ ರೀಲಿಂಗ್ ಮಾಡುವವನು. ಗೂಡಿನಿಂದ ಎಳೆ ಹಿಡಿಯುವ ಕಣ್ಣು ಅದು. ಶಿಡ್ಲಘಟ್ಟದಲ್ಲಿ ಕಣ್ಣು ಸೋತ ರೀಲರ್‌ಗೆ ಬೇರೆ ಯಾವ ಕೆಲಸ ಕೊಡುತ್ತಾರೆ ಹೇಳು.

ಕುಡಿತದ ಬಗ್ಗೆ ಉದ್ದ ಬರೆಯುವುದಿಲ್ಲ. ಆ ನಾಲ್ಕರಲ್ಲಿ ಮೂರು ಔಷಧಿ ಲಿವರ್ ಮೇಲೆ ಭಾರ ಹಾಕುತ್ತವೆ. ಆರು ತಿಂಗಳು ಒಂದು ಹನಿಯೂ ಬೇಡ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಹತ್ತಿದರೆ ಅವತ್ತೇ ಆಸ್ಪತ್ರೆಗೆ ಹೋಗು. ಬೀಡಿಯನ್ನೂ ಬಿಡು.

ಟಿಬಿ ಅಂದ ಕೂಡಲೇ ಎಚ್‌ಐವಿ ಪರೀಕ್ಷೆ ಮಾಡಿಸಿದರು ಅಂತ ಮುಖ ಊದಿಸಿಕೊಂಡಿದ್ದೆಯಂತೆ. ಟಿಬಿ ಬಂದ ಎಲ್ಲರಿಗೂ ಆ ಪರೀಕ್ಷೆ, ಶುಗರ್ ಪರೀಕ್ಷೆ ಎರಡೂ ಮಾಡುತ್ತಾರೆ. ಯಾರ ನಡತೆ ಅಳೆಯಲೂ ಅಲ್ಲ. ಎಚ್‌ಐವಿ ಇದ್ದರೆ ಅದರ ಔಷಧಿಯನ್ನೂ ಬೇಗ ಶುರು ಮಾಡಬೇಕು, ಅದರ ಡೋಸನ್ನೂ ರಿಫಾಂಪಿಸಿನ್‌ಗೆ ಹೊಂದಿಸಬೇಕು. ಅಷ್ಟೇ ಕಾರಣ.

ಇನ್ನು ಊಟ. ಟಿಬಿಗೆ ಚೆನ್ನಾಗಿ ತಿನ್ನು ಅಂತ ಒಬ್ಬರು, ಶುಗರ್‌ಗೆ ಕಡಿಮೆ ತಿನ್ನು ಅಂತ ಇನ್ನೊಬ್ಬರು. ಸರೋಜ ಪಾಪ ಏನು ಬಡಿಸಬೇಕು ಅಂತ ತಿಳಿಯದೆ ಕೂತಿದ್ದಾಳೆ. ನಿನ್ನ ತೂಕ ಇಳಿದಿದೆ, ಆದ್ದರಿಂದ ಹೊಟ್ಟೆ ಕಟ್ಟಬೇಡ. ತಟ್ಟೆಯಲ್ಲಿ ಇರುವುದನ್ನು ಬದಲಿಸು. ಎರಡು ಮುದ್ದೆ ಜಾಗದಲ್ಲಿ ಒಂದು ಮುದ್ದೆ, ಅದರ ಜೊತೆ ಹುರುಳಿಯೋ ಅವರೆಯೋ ಗಟ್ಟಿ ಕಾಳಿನ ಸಾರು ದಂಡಿಯಾಗಿ. ದಿನಾ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ, ಸೊಪ್ಪು, ಸಕ್ಕರೆ ಹಾಕದ ಹಾಲು. ರಾಗಿ ಎಷ್ಟು ತಿಂದರೂ ಶುಗರ್ ಏರಲ್ಲ ಅನ್ನುವ ನಮ್ಮ ಕಡೆಯ ಮಾತನ್ನು ನಂಬಬೇಡ. ರಾಗಿಯೂ ಹಿಟ್ಟೇ. ಶಕ್ತಿ ಬರಲಿ ಅಂತ ಗ್ಲೂಕೋಸ್ ಪುಡಿ, ಹಾರ್ಲಿಕ್ಸ್ ಡಬ್ಬಿ ತಂದುಕೊಟ್ಟ ನೆಂಟರಿಗೆ ನನ್ನ ಹೆಸರು ಹೇಳಿ ವಾಪಸ್ ಕೊಡು.

ಟಿಬಿ ಇದ್ದವರ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ ಬರುತ್ತಿದೆಯಾ? 2018ರಲ್ಲಿ ತಿಂಗಳಿಗೆ 500 ರೂಪಾಯಿ ಅಂತ ಶುರುವಾದದ್ದು, 2024ರ ನವೆಂಬರ್‌ನಿಂದ 1000 ಆಗಿದೆ. ಬ್ಯಾಂಕ್ ಖಾತೆ ಸರಿಯಾಗಿ ಸೇರಿದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳು. ಅದನ್ನು ಗೂಡು ಕೊಳ್ಳುವ ದುಡ್ಡಿಗೆ ಸೇರಿಸಬೇಡ. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು ಅಂತ 2023ರಲ್ಲಿ ಪ್ರಕಟವಾಯಿತು. ಬರೀ ಊಟದಿಂದ! ಅಂದಮೇಲೆ ಮೊಟ್ಟೆ ನಿನಗೆ ಮಾತ್ರ ಅಲ್ಲ, ಮಕ್ಕಳಿಗೂ ಸರೋಜಳಿಗೂ ಇರಲಿ.

ಮನೆಯವರ ಪರೀಕ್ಷೆಯನ್ನು ಮುಂದೂಡುತ್ತಿದ್ದೀಯಲ್ಲ, ಅದೇಕೆ? ನಿಮ್ಮಮ್ಮನಿಗೂ ಶುಗರ್, ಮೇಲೆ ಕಿಡ್ನಿ ಸೋತಿದೆ. ಅಂಥವರಿಗೆ ಟಿಬಿ ಬಂದರೆ ಎಥಾಂಬುಟಾಲ್, ಪೈರಾಜಿನಮೈಡ್ ಕೊಡುವ ಲೆಕ್ಕವೇ ಬೇರೆ. ಬಾರದ ಹಾಗೆ ನೋಡುವುದು ಸುಲಭ. ಟಿಬಿ ಇಲ್ಲ ಅಂತ ಖಾತ್ರಿಯಾದರೆ ಮುಂಜಾಗ್ರತೆಯ ಮಾತ್ರೆ ಕೊಡುತ್ತಾರೆ, ವಾರಕ್ಕೊಮ್ಮೆಯಂತೆ ಮೂರು ತಿಂಗಳು ನುಂಗುವ ಪದ್ಧತಿಯೂ ಇದೆ. ಯಾರಿಗೆ ಯಾವುದು ಅನ್ನುವುದು ಡಾಕ್ಟರಿಗೆ ಬಿಟ್ಟದ್ದು.

ನಿನ್ನ ಮಾವನನ್ನೂ ಬಿಡಬೇಡ. ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಯಲ್ಲಿ ದುಡಿದ ಜೀವ. ಆ ಕಲ್ಲಿನ ಧೂಳು ಎದೆಯಲ್ಲಿ ಕೂತರೆ ಸಿಲಿಕೋಸಿಸ್. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಸುಲಭವಾಗಿ ಹತ್ತುತ್ತದೆ, ಕೆಲಸ ಬಿಟ್ಟ ಎಷ್ಟೋ ವರ್ಷದ ಮೇಲೂ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಎದೆಯಲ್ಲಿ ಕೂತ ಧೂಳು ಮುಚ್ಚಲಿಲ್ಲ. ಅವರು "ಇದು ಹಳೇ ಕೆಮ್ಮು" ಅಂತ ತಳ್ಳಿಹಾಕುತ್ತಾರೆ. ಎರಡು ವಾರ ದಾಟಿದ ಕೆಮ್ಮು ಹಳೇದೋ ಹೊಸದೋ, ಕಫ ಕೊಡಲಿ.

ಕೆಮ್ಮು ಅಂದಾಗ ನನಗೆ ಕೋಪ ಬರುವುದು ಬೇರೆ ಕಡೆ. ನೀನು ತಿಂಗಳುಗಟ್ಟಲೆ ಕೆಮ್ಮುತ್ತಾ ಶುಗರ್ ತೋರಿಸಲು ಹೋದೆ, ಅಲ್ಲಿ ಸಿರಪ್ ಬರೆದು ಕಳಿಸಿದರು. ಕಫ ನೋಡಲಿಲ್ಲ. ಇದು ಹೊಸ ಕಥೆಯಲ್ಲ. 1960ರ ದಶಕದ ಶುರುವಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ಟಿಬಿ ಇದ್ದವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಅಷ್ಟರಲ್ಲೇ ಯಾವುದೋ ಆಸ್ಪತ್ರೆಗೋ ಡಾಕ್ಟರಿಗೋ ತೋರಿಸಿಯಾಗಿತ್ತು. ಜನ ದಡ್ಡರಲ್ಲ, ಹೋಗುತ್ತಾರೆ. ಹೋದಲ್ಲಿ ಕೇಳುವವರು ಕೇಳಬೇಕು. ಕೇಳದಿದ್ದರೆ ನಾವೇ ಬಾಯಿಬಿಟ್ಟು ಹೇಳಬೇಕು. ಟಿಬಿ ಅಂದರೆ ಮರ್ಯಾದೆ ಹೋಗುತ್ತದೆ ಅಂತ ಓಣಿಯವರಿಂದ ಮುಚ್ಚಿಡುತ್ತೀಯೋ, ಮುಚ್ಚಿಡು. ಡಾಕ್ಟರಿಂದ ಮುಚ್ಚಿಟ್ಟು ಯಾರ ಮರ್ಯಾದೆ ಉಳಿಸುತ್ತೀಯ?

ಈ ವಾರವೇ ಮಾಡಬೇಕಾದ್ದು ಇಷ್ಟು. ಮನೆಯಲ್ಲಿರುವ ನಿನ್ನ ಎಲ್ಲಾ ಮಾತ್ರೆ, ಟಿಬಿಯದ್ದು, ಶುಗರ್‌ದು, ಗ್ಯಾಸ್ಟ್ರಿಕ್‌ದು, ಯಾರೋ ಕೊಟ್ಟ ನಾಟಿ ಔಷಧಿ ಇದ್ದರೆ ಅದೂ, ಒಂದೇ ಬಟ್ಟೆ ಚೀಲಕ್ಕೆ ಹಾಕು. ಎರಡು ಕಡೆಯ ಚೀಟಿ, ರಿಪೋರ್ಟುಗಳೂ ಅದರಲ್ಲೇ ಇರಲಿ. ಎಲ್ಲಿಗೆ ಹೋದರೂ ಅದೇ ಚೀಲ ಮೇಜಿನ ಮೇಲೆ ಇಡು. ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸು. ಎರಡು ತಿಂಗಳು ತುಂಬಿದಾಗ ಕಫ ಮತ್ತೆ ಕೊಡುವುದನ್ನು ಮರೆಯಬೇಡ. ಕೆಮ್ಮು ನಿಂತಿತು ಅಂತ ಮಾತ್ರೆ ನಿಲ್ಲಿಸುವ ಯೋಚನೆ ಬಂದರೆ ಮೊದಲು ನನಗೆ ಫೋನ್ ಮಾಡು. ನಿದ್ದೆ ಬರುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂತಲೂ ಸರೋಜ ಹೇಳಿದಳು. ಅದನ್ನೂ ಡಾಕ್ಟರಿಗೆ ಹೇಳು. ಎರಡು ಕಾಯಿಲೆ ಹೊತ್ತವರಿಗೆ ಮನಸ್ಸು ಕುಗ್ಗುವುದೂ ಉಂಟು, ಅದಕ್ಕೂ ಔಷಧಿ ಇದೆ.

ನಿಮ್ಮಮ್ಮನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಲು ನಾನೇ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವಳು ಬರಲ್ಲ ಅನ್ನುತ್ತಾಳೆ, ನನಗೆ ಗೊತ್ತು. ಅಕ್ಕ ಬರುವ ವಿಷಯ ಮೊದಲೇ ಹೇಳಬೇಡ.

ಇಂತಿ ನಿನ್ನ
ದೊಡ್ಡಮ್ಮ