ಇಂಡಿಯಾನಾಪೊಲಿಸ್‌ಗೆ ಬಾರದ ಕಪ್ಪು ಕಾರು

ಬ್ರೌನ್ಸ್‌ಬರ್ಗ್, ಇಂಡಿಯಾನಾ

ಪ್ರಿಯ ರಾಘವೇಂದ್ರ,

ನಿನ್ನ ಪತ್ರಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸು. ಬಹುಮಾನದ ಹಣ ಸಾಲದೆಂದು ಸ್ಪರ್ಧಿಗಳೇ ಪಂದ್ಯವನ್ನು ಬಹಿಷ್ಕರಿಸಿದರೆ, ಟಿಕೆಟ್ ಕೊಂಡು ಬಿಸಿಲಲ್ಲಿ ಕುಳಿತ ಅಭಿಮಾನಿ ಯಾರ ಮೇಲೆ ಸಿಟ್ಟಾಗಬೇಕು ಎಂದು ನೀನು ಕೇಳಿದ್ದೆ. ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ. ಡ್ರ್ಯಾಗ್ ರೇಸಿಂಗ್ ತಂಡಗಳ ವರ್ಕ್‌ಶಾಪುಗಳು ಸಾಲುಗಟ್ಟಿ ನಿಂತಿರುವ ಊರು ಇದು. ಇಲ್ಲಿ 1972ರ ಸೆಪ್ಟೆಂಬರ್ ತಿಂಗಳ ಆ ಒಂದು ವಾರಾಂತ್ಯವನ್ನು ಇನ್ನೂ ಮರೆಯದವರು ಇದ್ದಾರೆ. ನನ್ನ ಪಕ್ಕದ ಮನೆಯ ಅಜ್ಜ ಅವರಲ್ಲೊಬ್ಬರು.

ಡ್ರ್ಯಾಗ್ ರೇಸ್ ಎಂದರೆ ನಿನಗೆ ಅರ್ಥವಾಗುವಂತೆ ಹೇಳುವುದು ಸುಲಭ: ಅದು ಡಾಂಬರಿನ ಮೇಲಿನ ಜೋಡುಕರೆ, ನಿಮ್ಮ ಕಂಬಳದಲ್ಲಿ ಕೋಣಗಳು ಅಕ್ಕಪಕ್ಕದ ಎರಡು ಕೆಸರಿನ ಕರೆಗಳಲ್ಲಿ ಓಡುವಂತೆ. ಎರಡು ಕಾರುಗಳು ಅಕ್ಕಪಕ್ಕ ನಿಂತು, ಹಸಿರು ದೀಪ ಹೊತ್ತಿದೊಡನೆ ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್, ನೇರವಾಗಿ ಓಡುತ್ತವೆ. ಮೊದಲು ಮುಟ್ಟಿದವನು ಮುಂದಿನ ಸುತ್ತಿಗೆ, ಸೋತವನು ಮನೆಗೆ. ನೈಟ್ರೋಮೀಥೇನ್ ಎಂಬ ಇಂಧನ ಕುಡಿಯುವ, ಅತಿ ವೇಗದ ವರ್ಗವಾದ ಟಾಪ್ ಫ್ಯುಯೆಲ್ ಕಾರುಗಳು ಆಗಲೇ ಈ ದೂರವನ್ನು ಆರೂ ಚಿಲ್ಲರೆ ಸೆಕೆಂಡುಗಳಲ್ಲಿ ದಾಟುತ್ತಿದ್ದವು, ಕೊನೆಯಲ್ಲಿ ಗಂಟೆಗೆ 350 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ. ಈ ಕ್ರೀಡೆಯ ಅತಿ ದೊಡ್ಡ ಜಾತ್ರೆ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್, ಅಂದರೆ ಎನ್‌ಎಚ್‌ಆರ್‌ಎ, ಪ್ರತಿ ವರ್ಷ ಲೇಬರ್ ಡೇ, ಅಂದರೆ ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕರ ದಿನದ, ವಾರಾಂತ್ಯದಲ್ಲಿ ನಡೆಸುವ ಯು.ಎಸ್. ನ್ಯಾಷನಲ್ಸ್. 1961ರಿಂದ ಅದು ಇಂಡಿಯಾನಾಪೊಲಿಸ್‌ನ ಪಕ್ಕದಲ್ಲೇ, ನನ್ನ ಮನೆಗೆ ಎಂಜಿನ್ನಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ನಡೆಯುತ್ತಿದೆ.

1972ರಲ್ಲಿ ಈ ಜಾತ್ರೆಗೆ ಡಾನ್ ಗಾರ್ಲಿಟ್ಸ್ ಬರಲಿಲ್ಲ. ಫ್ಲಾರಿಡಾದವನಾದ ಈತನನ್ನು ಜನ ‘ಬಿಗ್ ಡ್ಯಾಡಿ’ ಎಂದೇ ಕರೆಯುತ್ತಿದ್ದರು. ಅವನ ಕಪ್ಪು ಬಣ್ಣದ ಕಾರುಗಳಿಗೆಲ್ಲ ‘ಸ್ವಾಂಪ್ ರ‍್ಯಾಟ್’ ಎಂಬ ಒಂದೇ ಹೆಸರು, ಹಿಂದೆ ಒಂದು ಸಂಖ್ಯೆ. 1970ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಟ್ರಾನ್ಸ್‌ಮಿಷನ್ ಸಿಡಿದು ಬಲಪಾದದ ಮುಂಭಾಗವನ್ನು ಕಳೆದುಕೊಂಡಿದ್ದ ಅವನು, ಆಸ್ಪತ್ರೆಯಿಂದೆದ್ದು ಎಂಜಿನ್ನನ್ನು ಚಾಲಕನ ಬೆನ್ನ ಹಿಂದಕ್ಕೆ ಸರಿಸಿದ ಹೊಸ ಕಾರನ್ನು ಕಟ್ಟಿ, 1971ರ ಆರಂಭದಲ್ಲೇ ಕ್ಯಾಲಿಫೋರ್ನಿಯಾದ ಪೊಮೋನಾದ ಪಂದ್ಯದಲ್ಲಿ ಗೆದ್ದು ಎಲ್ಲರ ಬಾಯಿ ಮುಚ್ಚಿಸಿದ್ದ. ಅಂಥವನು ಪ್ರೊಫೆಷನಲ್ ರೇಸರ್ಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿ, ಎನ್‌ಎಚ್‌ಆರ್‌ಎ ಕೊಡುವ ಬಹುಮಾನ ತೀರಾ ಕಡಿಮೆಯೆಂದು ಸಾರಿ, ಅದೇ ವಾರಾಂತ್ಯಕ್ಕೆ ಒಕ್ಲಹೋಮಾದ ಟಲ್ಸಾದಲ್ಲಿ ಹೆಚ್ಚಿನ ಹಣದ ಬೇರೊಂದು ಪಂದ್ಯವನ್ನು ಏರ್ಪಡಿಸಿದ. ಇಂಡಿಯಾನಾಪೊಲಿಸ್‌ನಿಂದ ಟಲ್ಸಾಕ್ಕೆ ರಸ್ತೆಯಲ್ಲಿ ಸುಮಾರು ಸಾವಿರ ಕಿಲೋಮೀಟರ್. ಅಭಿಮಾನಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಿತ್ತು. ಸಂಬಳದ ಜಗಳಕ್ಕೆ ಕಾರ್ಮಿಕರ ದಿನದ ರಜೆಯೇ ಒದಗಿ ಬಂದದ್ದು ಕಾಕತಾಳೀಯವಿರಬಹುದು, ಆದರೂ ನನಗೆ ನಗು ಬರುತ್ತದೆ.

ಪಕ್ಕದ ಮನೆಯ ಅಜ್ಜ ಆಗ ಹತ್ತೊಂಬತ್ತರ ಹುಡುಗ. ಬೇಸಿಗೆಯಿಡೀ ಗ್ಯಾರೇಜಿನಲ್ಲಿ ದುಡಿದು ಟಿಕೆಟ್ಟಿನ ಹಣ ಕೂಡಿಸಿದ್ದರಂತೆ. ಕಪ್ಪು ಕಾರು ಬರುವುದಿಲ್ಲವೆಂದು ತಿಳಿದಾಗ ಅವರಿಗೆ ಬಂದ ಕೋಪ ಇಂದಿಗೂ ಪೂರ್ತಿ ಆರಿಲ್ಲ. ‘ನಾನು ಕೂಲಿ ಮಾಡಿ ಅವನನ್ನು ನೋಡಲು ಹೋದೆ, ಅವನಿಗೆ ಕೂಲಿ ಸಾಲದೇ ಹೋಯಿತು’ ಎಂದು ಅವರು ಹೇಳುವ ಮಾತಿನಲ್ಲಿ ದೂರು ಎಷ್ಟಿದೆಯೋ ಒಪ್ಪಿಗೆಯೂ ಅಷ್ಟೇ ಇದೆ ಎಂಬುದು ಅವರಿಗೆ ಹೊಳೆದಂತಿಲ್ಲ. ಅವರ ಗೆಳೆಯರಲ್ಲಿ ಕೆಲವರು ಗಾರ್ಲಿಟ್ಸ್‌ನನ್ನು ದುರಾಸೆಯವನೆಂದು ಜರೆದರಂತೆ. ಇನ್ನು ಕೆಲವರು, ಎನ್‌ಎಚ್‌ಆರ್‌ಎಗೆ ಇಂಥ ಪೆಟ್ಟು ಬೇಕೇ ಇತ್ತು ಎಂದು ಒಳಗೊಳಗೆ ಹಿಗ್ಗಿದರಂತೆ, ಏಕೆಂದರೆ ಇದೇ ಸಂಸ್ಥೆ 1957ರಿಂದ ಕೆಲವು ವರ್ಷ ನೈಟ್ರೋ ಇಂಧನವನ್ನೇ ನಿಷೇಧಿಸಿದ್ದನ್ನು ಅವರ ಅಣ್ಣಂದಿರು ಮರೆತಿರಲಿಲ್ಲ.

ಕೋಪಗೊಂಡವರ ವಾದ ಒಂದೇ: ಇವರು ಪ್ರೀತಿಗಾಗಿ ಓಡಿಸಬೇಕು, ಹಣಕ್ಕಾಗಿ ಅಲ್ಲ. ಈ ವಾದ ಕೇಳಲು ಚೆನ್ನಾಗಿದೆ, ಆದರೆ ಅದರ ಬೆಲೆ ತೆರುವವನು ಅಭಿಮಾನಿಯಲ್ಲ. ಒಂದು ಓಟದಲ್ಲಿ ಪಿಸ್ಟನ್ ಕರಗಬಹುದು, ಎಂಜಿನ್ನಿಗೆ ಗಾಳಿ ತುಂಬುವ ಬ್ಲೋವರ್ ಹಾರಿಹೋಗಬಹುದು, ಎಂಜಿನ್ ಇಡಿಯಾಗಿ ಒಡೆಯಬಹುದು; ಮೊದಲ ಸುತ್ತಿನಲ್ಲೇ ಸೋತವನ ಕೈಗೆ ಬರುವುದು ಪ್ರಯಾಣದ ಡೀಸೆಲ್ಲಿಗೂ ಸಾಲದಿರಬಹುದು. ಆ ಕಾಲದ ವೃತ್ತಿಪರರು ಬದುಕುತ್ತಿದ್ದುದೇ ಬೇರೆ ದಾರಿಯಿಂದ: ಊರೂರಿನ ಟ್ರ್ಯಾಕ್ ಮಾಲೀಕರು ಇಬ್ಬರು ಹೆಸರುವಾಸಿ ಚಾಲಕರನ್ನು ಕರೆಸಿ ಪರಸ್ಪರ ಓಡಿಸುವ ಮ್ಯಾಚ್ ರೇಸ್‌ಗಳಲ್ಲಿ ಗೆದ್ದರೂ ಸೋತರೂ ಸಂಭಾವನೆ ಖಚಿತ. ಅಲ್ಲಿ ದುಡಿದದ್ದನ್ನು ತಂದು ರಾಷ್ಟ್ರೀಯ ಪಂದ್ಯದಲ್ಲಿ ಸುಡುತ್ತಿದ್ದರು, ಏಕೆಂದರೆ ಅಲ್ಲಿ ಹೆಸರು ಮಾಡದಿದ್ದರೆ ಮ್ಯಾಚ್ ರೇಸಿಗೆ ಕರೆಯೇ ಬರುತ್ತಿರಲಿಲ್ಲ. ಗೇಟಿನಲ್ಲಿ ಜನ ಸೇರುವುದು ತಮ್ಮನ್ನು ನೋಡಲು, ತಾವು ಮಾತ್ರ ನಷ್ಟದಲ್ಲಿ ಓಡಬೇಕು ಎಂಬುದು ಗಾರ್ಲಿಟ್ಸ್‌ನ ದೂರಾಗಿತ್ತು. ನನಗದು ನ್ಯಾಯವಾಗಿಯೇ ಕಾಣುತ್ತದೆ.

ಇದನ್ನು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಕಂಬಳದಲ್ಲಿ ಗೆದ್ದರೆ ಸಿಗುವ ಎರಡು ಪವನು ಚಿನ್ನಕ್ಕಾಗಿ ನಿಮ್ಮ ಮನೆಯಲ್ಲಿ ಒಂದು ಜೋಡಿ ಕೋಣಗಳಿಗೆ ವರ್ಷವಿಡೀ ಹುರುಳಿ ಬೇಯಿಸಿ, ಎಣ್ಣೆ ತಿಕ್ಕಿ, ಓಟಗಾರನಿಗೂ ಆಳುಗಳಿಗೂ ಲಾರಿಗೂ ಹಣ ತೆರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ವ್ಯತ್ಯಾಸವಿದೆ: ನಿನ್ನ ತಂದೆಯವರಿಗೆ ಕೋಣ ಮನೆತನದ ಗೌರವ, ಹೊಟ್ಟೆಪಾಡಿಗೆ ಬೇರೆ ಕೃಷಿಯಿದೆ. ಗಾರ್ಲಿಟ್ಸ್‌ಗೆ ಕಾರೇ ಹೊಟ್ಟೆಪಾಡು.

ಆದರೆ ಬಹಿಷ್ಕಾರ ಅವನೆಣಿಸಿದಂತೆ ನಡೆಯಲಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಪಂದ್ಯ ನಡೆದೇ ನಡೆಯಿತು. ಟಾಪ್ ಫ್ಯುಯೆಲ್ ಗೆದ್ದವನು ಕೆನಡಾದ ಎಡ್ಮಂಟನ್‌ನಲ್ಲಿ ನೆಲೆಸಿದ್ದ ಗ್ಯಾರಿ ಬೆಕ್, ಅಲ್ಲಿಯವರೆಗೆ ಹೆಚ್ಚಿನ ಪ್ರೇಕ್ಷಕರು ಹೆಸರೇ ಕೇಳದಿದ್ದವನು. ದೊಡ್ಡವರಿಲ್ಲದಾಗ ಸಿಕ್ಕ ಗೆಲುವು ಎಂದು ಮೂಗು ಮುರಿದವರಲ್ಲಿ ನಮ್ಮ ಅಜ್ಜನೂ ಒಬ್ಬರು. ಬೆಕ್ ಮರುವರ್ಷವೂ ಅಲ್ಲೇ ಗೆದ್ದ, 1974ರಲ್ಲಿ ಎನ್‌ಎಚ್‌ಆರ್‌ಎ ಚಾಂಪಿಯನ್ನೂ ಆದ. ಮೂಗು ಮುರಿದವರು ಆಮೇಲೆ ಆ ವಿಷಯವನ್ನೇ ಎತ್ತಲಿಲ್ಲ. ಖಾಲಿ ಬಿಟ್ಟ ಜಾಗ ಖಾಲಿಯಾಗಿ ಉಳಿಯುವುದಿಲ್ಲ ಎಂಬುದನ್ನು ಗಾರ್ಲಿಟ್ಸ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೇನೋ. ಅವನೂ ಬಹುಕಾಲ ದೂರ ಉಳಿಯಲಿಲ್ಲ. 1975ರಲ್ಲಿ ವಿನ್ಸ್‌ಟನ್ ಸಿಗರೇಟ್ ಕಂಪನಿಯ ಹಣ ಎನ್‌ಎಚ್‌ಆರ್‌ಎ ಸರಣಿಗೆ ಹರಿದುಬಂದ ವರ್ಷ, ಯು.ಎಸ್. ನ್ಯಾಷನಲ್ಸ್ ಗೆದ್ದವನು ಅವನೇ, ಸರಣಿಯ ಚಾಂಪಿಯನ್ ಆದವನೂ ಅವನೇ. ಅಂದು ಎದ್ದು ನಿಂತು ಚಪ್ಪಾಳೆ ತಟ್ಟಿದೆ ಎಂದು ಅಜ್ಜ ತುಸು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತಾರೆ.

2024ರ ಫೆಬ್ರವರಿಯಲ್ಲಿ ಇಲ್ಲಿನ ವೃತ್ತಿಪರ ತಂಡಗಳ ಸಂಘಟನೆ ಫ್ಲಾರಿಡಾದ ಬ್ರೇಡನ್‌ಟನ್‌ನಲ್ಲಿ ತನ್ನದೇ ಪಂದ್ಯ ನಡೆಸಿ, ಟಾಪ್ ಫ್ಯುಯೆಲ್ ಮತ್ತು ಫನ್ನಿ ಕಾರ್ ಎಂಬ ಇನ್ನೊಂದು ವರ್ಗದ ವಿಜೇತರಿಗೆ ತಲಾ 2,50,000 ಡಾಲರ್ ಬಹುಮಾನವಿಟ್ಟಿತು. ಅದು ಎನ್‌ಎಚ್‌ಆರ್‌ಎ ಸರಣಿ ಆರಂಭವಾಗುವ ಮುನ್ನ ನಡೆದದ್ದರಿಂದ ಯಾರೂ ಯಾರನ್ನೂ ಬಹಿಷ್ಕರಿಸಬೇಕಾಗಲಿಲ್ಲ, ಅಭಿಮಾನಿಯೂ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾಗಲಿಲ್ಲ. ಗಾರ್ಲಿಟ್ಸ್ ಕೂಡ ಬೇರೆ ತಿಂಗಳನ್ನು ಆರಿಸಿಕೊಂಡಿದ್ದರೆ ಸಾಕಿತ್ತು ಎಂದು ಅಜ್ಜ ಹೇಳಿದರು. ಹಾಗೆ ಮಾಡಿದ್ದರೆ ಅದು ಮತ್ತೊಂದು ರೇಸ್ ಆಗುತ್ತಿತ್ತೇ ಹೊರತು, ಐವತ್ತು ವರ್ಷದ ಮೇಲೆ ನೀವು ಬೈಯುವಂಥದ್ದೇನೂ ಆಗುತ್ತಿರಲಿಲ್ಲ ಎಂದು ನಾನು ಹೇಳಿದೆ. ಅವರಿಗೆ ಹಿಡಿಸಲಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಅಂದಿನ ಅಭಿಮಾನಿಯ ನಿರಾಸೆ ನಿಜ, ಆದರೆ ಅವನ ಸಿಟ್ಟು ವಿಳಾಸ ತಪ್ಪಿತ್ತು. ಅವನು ಕೊಟ್ಟ ಟಿಕೆಟ್ಟಿನ ಹಣದಲ್ಲಿ ಚಾಲಕನಿಗೆ ಎಷ್ಟು ಸೇರಿತೆಂದು ಗೇಟಿನಲ್ಲಿ ಒಮ್ಮೆಯೂ ಕೇಳಲಿಲ್ಲ. ನಾನೂ ಕೇಳಿದವನಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಕಂಬಳದ ಸಂಗತಿ ಹೇಳಿದಾಗಿನಿಂದ ಅಜ್ಜನಿಗೆ ಒಂದೇ ಕುತೂಹಲ: ಕೋಣದ ಯಜಮಾನರು ಎಂದಾದರೂ ಬಹುಮಾನ ಸಾಲದೆಂದು ಕರೆಗೆ ಇಳಿಯದೆ ಕುಳಿತದ್ದುಂಟೇ, ಒಂದು ಜೋಡಿಗೆ ವರ್ಷಕ್ಕೆ ಎಷ್ಟು ಖರ್ಚು? ನಿನ್ನ ತಂದೆಯವರು ಲೆಕ್ಕ ಬರೆದಿಡುವ ಆ ಕೆಂಪು ರಟ್ಟಿನ ಪುಸ್ತಕದಿಂದ ಒಂದು ವರ್ಷದ್ದನ್ನಾದರೂ ನಕಲು ಮಾಡಿ ಕಳುಹಿಸು. ಅವರಿಗೂ ಅಮ್ಮನಿಗೂ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ,
ಸುಧಾಕರ