ಭ್ರೂಣ ಹೊರುವ ಹಸುವನ್ನೂ ನೋಡಿ

ಮಾನ್ಯರೇ,

ಒಳ್ಳೆಯ ತಳಿಯ ಹಸುವಿನ ಭ್ರೂಣವನ್ನು ಬೇರೆ ಹಸುವಿನ ಗರ್ಭಕೋಶದಲ್ಲಿಟ್ಟು ಕರು ಪಡೆಯುವ ಭ್ರೂಣ ವರ್ಗಾವಣೆಯ ಶಿಬಿರ ನಡೆದಲ್ಲೆಲ್ಲ ಮಾತು ತಳಿಯದೇ: ಗಿರ್, ಸಾಹಿವಾಲ್, ತಾಯಿಯ ಹಾಲಿನ ದಾಖಲೆ. ಆ ಭ್ರೂಣವನ್ನು ಹೊರಬೇಕಾದ ನಮ್ಮ ಕೊಟ್ಟಿಗೆಯ ಮಿಶ್ರತಳಿ ಹಸುವಿನ ಸ್ಥಿತಿಯನ್ನು ಕೇಳುವವರು ಕಡಿಮೆ.

7 ದಿನದ ಭ್ರೂಣ ಇಡುವಾಗ ಹಸುವೂ ಬೆದೆಗೆ ಬಂದು 7 ದಿನವಾಗಿರಬೇಕು. ಒಂದು ದಿನ ಹಿಂದುಮುಂದಾದರೆ ನಡೆದೀತು; ಅದನ್ನು ಮೀರಿದರೆ ಗರ್ಭ ನಿಲ್ಲುವ ಸಾಧ್ಯತೆ ಕುಸಿಯುತ್ತದೆ. ಹಾಗಾಗಿ ನಸುಕಿನಲ್ಲೇ ಎದ್ದು ಬೆದೆಯ ಲಕ್ಷಣ ಗುರುತಿಸಿ ಬರೆದಿಡುವ ನಮ್ಮಂಥ ಹೆಂಗಸರ ಕೆಲಸ ಪ್ರಯೋಗಾಲಯದ ಕೆಲಸದಷ್ಟೇ ದೊಡ್ಡದು. ಇದನ್ನು ಶಿಬಿರದ ವೇದಿಕೆಯಲ್ಲಿ ಯಾರಾದರೂ ಹೇಳಲಿ! ಅಂಡಾಶಯದಲ್ಲಿ ಚೆನ್ನಾಗಿ ಬೆಳೆದ ಕಾರ್ಪಸ್ ಲೂಟಿಯಂ (ಅಂಡ ಹೊರಬಿದ್ದ ಜಾಗದಲ್ಲಿ ಬೆಳೆದು ಗರ್ಭ ನಿಲ್ಲಿಸುವ ಹಾರ್ಮೋನು ಕೊಡುವ ಗ್ರಂಥಿ) ಇದೆಯೇ ಎಂದು ಅಂದೇ ಪರೀಕ್ಷಿಸಿ, ಅದೇ ಬದಿಯ ಗರ್ಭಕೋಶದ ಕೊಂಬಿನಲ್ಲಿ ಭ್ರೂಣ ಇಡಬೇಕು. ಕರು ಹಾಕಿ ಎಲುಬು ಎದ್ದ ಹಸುವನ್ನು, ಗರ್ಭಕೋಶದ ಸೋಂಕು ಮಾಯದ ಹಸುವನ್ನು ಗುರಿ ತುಂಬಿಸಲು ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ.

ಬೇಸಿಗೆಯ ಮಾತೂ ಇದೆ. 7ನೇ ದಿನದ ಭ್ರೂಣ ಮೊದಲೆರಡು ದಿನದ ಭ್ರೂಣಕ್ಕಿಂತ ಹೆಚ್ಚು ಶಾಖ ತಾಳುತ್ತದೆ, ನಿಜ. ಆದರೆ ತಗಡಿನ ಚಾವಣಿಯಡಿ ಏದುಸಿರು ಬಿಡುವ ಹಸುವಿಗೆ ನೆರಳು, ತಣ್ಣೀರು ಬೇಡವೇ?

ಪಶುಪಾಲನಾ ಇಲಾಖೆ ಶಿಬಿರಕ್ಕೆ ತಿಂಗಳುಗಳ ಮೊದಲೇ ಹಸುಗಳನ್ನು ಆರಿಸಿ, ಜಂತುನಾಶಕ, ಖನಿಜ ಮಿಶ್ರಣ ಕೊಡಿಸಲಿ. ಒಂದು ತಿಂಗಳ ಗರ್ಭಕ್ಕೆ ಸ್ಕ್ಯಾನಿಂಗ್ ಮಾಡಿ ಕೈ ತೊಳೆದುಕೊಳ್ಳದೆ ಎರಡು ತಿಂಗಳಾದಾಗ ಮತ್ತೆ ಬರಲಿ; ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣದಿಂದ ನಿಂತ ಗರ್ಭವೂ ಆ ನಡುವೆ ಜಾರುವುದುಂಟು.

– ಒಬ್ಬ ಹೈನುಗಾರ್ತಿ, ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ