ಲೋ, ಅವನು ಕೆಟ್ಟೋಗಿಲ್ಲ ಕಣೋ

ಲೋ ಮಗಾ,

ನೀನೇ "ಬರ್ದು ಹಾಕು, ನಾಲ್ಕು ಜನ ಓದ್ಲಿ" ಅಂದೆ ಅಂತ ಇಲ್ಲೇ ಬರೀತಿದೀನಿ. ನಿನ್ನ ಅಣ್ಣನ ಮಗ ಕ್ಲಾಸಿಗೆ ಹೋಗ್ತಿಲ್ಲ, ಮನೇಲಿ ದುಡ್ಡು ಎತ್ತಾನೆ, ಮಾತಾಡ್ಸಿದ್ರೆ ಮೈಮೇಲೆ ಬೀಳ್ತಾನೆ, ಹುಡುಗ ಕೆಟ್ಟೋದ ಅಂದ್ಯಲ್ಲ, ಆ ಕೊನೇ ಮಾತು ನನ್ನ ಬಿಡ್ತಾನೇ ಇಲ್ಲ.

ನಂಗನ್ಸೋದು, ಅವನಿಗೆ ಡಿಪ್ರೆಶನ್ ಇರ್ಬೋದು. ಡಿಪ್ರೆಶನ್ ಅಂದ್ರೆ ಮೂಲೇಲಿ ಕೂತು ಅಳೋದು ಅಂದ್ಕೊಂಡಿದೀವಿ. ಮಾನಸಿಕ ಕಾಯಿಲೆ ಗುರುತಿಸೋಕೆ ಮನೋವೈದ್ಯರು ಬಳಸೋ ಕೈಪಿಡಿ ಡಿಎಸ್ಎಂ-5 (2013) ನೋಡು, ಮಕ್ಕಳಲ್ಲಿ, ಹದಿಹರೆಯದವರಲ್ಲಿ ದುಃಖದ ಬದಲು ಬರೀ ಸಿಡಿಮಿಡಿನೇ ಮುಖ್ಯ ಲಕ್ಷಣ ಆಗ್ಬೋದು ಅಂತಿದೆ. ಎರಡು ವಾರ ಹೆಚ್ಚುಕಮ್ಮಿ ದಿನಾ ಹಾಗೇ ಇದ್ದು, ಜೊತೆಗೆ ನಿದ್ದೆ, ಊಟ, ಗಮನ ಎಲ್ಲಾ ಏರುಪೇರಾಗಿದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು. ಎಲ್ಲಾ ತರಲೆನೂ ಡಿಪ್ರೆಶನ್ ಅಲ್ಲ ಬಿಡು, ಡಿಪ್ರೆಶನ್ ಇರೋ ಹುಡುಗ್ರಲ್ಲಿ ಹೆಚ್ಚಿನವರು ಯಾರ ತಂಟೆಗೂ ಹೋಗಲ್ಲ. ಆದ್ರೆ ತರಲೆ, ಡಿಪ್ರೆಶನ್ ಎರಡೂ ಒಟ್ಟಿಗೆ ಇರೋದು ಅಪರೂಪ ಏನಲ್ಲ, ಒಂದು ಇನ್ನೊಂದನ್ನ ಬೆಳೆಸುತ್ತೆ: ಒಳಗಿನ ಸಂಕಟ ಕೋಪವಾಗಿ ಆಚೆ ಬರುತ್ತೆ, ಜಗಳ ಆಗುತ್ತೆ, ಸ್ಕೂಲಿಂದ ಸಸ್ಪೆಂಡ್ ಮಾಡ್ತಾರೆ, ಒಳ್ಳೇ ಫ್ರೆಂಡ್ಸ್ ದೂರ ಹೋಗ್ತಾರೆ, ಮಾರ್ಕ್ಸ್ ಬೀಳುತ್ತೆ, ಅಪ್ಪ ಮಾತು ಬಿಡ್ತಾರೆ, ಆಮೇಲೆ ಆ ಒಂಟಿತನಾನೇ ಅವನನ್ನ ಇನ್ನೂ ಕೆಳಕ್ಕೆ ಎಳ್ಕೊಂಡು ಹೋಗುತ್ತೆ. ರಾಬರ್ಟ್ ಆಗ್ನ್ಯೂ ಅನ್ನೋ ಸಮಾಜಶಾಸ್ತ್ರಜ್ಞ 1992ರಲ್ಲೇ ಬರ್ದಿದ್ರು, ಬದುಕಿನ ಒತ್ತಡದಿಂದ ಹುಟ್ಟೋ ಕೋಪ, ಹತಾಶೆನೇ ಹುಡುಗ್ರನ್ನ ಅಪರಾಧದ ಕಡೆ ತಳ್ಳುತ್ತೆ ಅಂತ.

ಕಾಲೇಜಲ್ಲಿ ನಾನು ಎಲ್ಲಾರ ಹತ್ರನೂ ಹೊಡೆದಾಡ್ತಿದ್ದೆ, ನೀವೆಲ್ಲ ಅದನ್ನ ಧೈರ್ಯ ಅಂದ್ಕೊಂಡಿದ್ರಿ. ಆಗ ರಾತ್ರಿಯೆಲ್ಲಾ ನಿದ್ದೆ ಇರ್ತಿರ್ಲಿಲ್ಲ ಕಣೋ, ಬೆಳಗ್ಗೆ ಯಾಕೆ ಏಳ್ಬೇಕು ಅನ್ಸೋದು, ಏಟು ಬಿದ್ದಾಗ ಮಾತ್ರ ಜೀವ ಇದೆ ಅಂತ ಗೊತ್ತಾಗೋದು. ಎಷ್ಟೋ ಜನ ಬೈದ್ರು, ನಿಂಗೇನಾಗಿದೆ ಅಂತ ಒಬ್ರೂ ಕೇಳ್ಲಿಲ್ಲ. ಇಷ್ಟೆಲ್ಲಾ ಬರೀಬೇಕು ಅಂತ ಕೂತಿರ್ಲಿಲ್ಲ.

ಅದಕ್ಕೇ ಹೇಳ್ತೀನಿ, ಅವನನ್ನ ನೀನೇ ಕೇಳು. ಸಾಯ್ಬೇಕು ಅನ್ಸುತ್ತಾ ಅಂತಾನೂ ನೇರವಾಗಿ ಕೇಳು, ಕೇಳಿದ್ರಿಂದ ಆ ಯೋಚನೆ ತಲೆಗೆ ಬರಲ್ಲ. ಹೌದು ಅಂದ್ರೆ ಒಬ್ಬನನ್ನೇ ಬಿಡ್ಬೇಡ, ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡ್ ಹೋಗು. ದುಡ್ಡಿನ ಪಂಚಾಯ್ತಿ ಆಮೇಲೆ. ಥೆರಪಿ, ಬೇಕಾದ್ರೆ ಔಷಧಿ, ಇವುಗಳಿಂದ ಹೆಚ್ಚಿನವರಿಗೆ ಗುಣ ಆಗುತ್ತೆ ಇದು.

ಸರಿ, ಸಾಕು. ಭಾನುವಾರ ಕ್ರಿಕೆಟ್ ಆಟಕ್ಕೆ ಅವನನ್ನೂ ಕರ್ಕೊಂಡ್ ಬಾ, ನಮ್ಮದೇ ಆದ ಆ ಮೂರೂವರೆ ರನ್ ರೂಲ್ ಅವನಿಗೆ ನಾನೇ ಹೇಳ್ಕೊಡ್ತೀನಿ, ನೀನು ಮಧ್ಯ ಬಾಯಿ ಹಾಕ್ಬೇಡ.

ನಿನ್ನ,
ಅಂಪೈರ್